ಜೀನೋಮ್ ಡೇಟಾ ಕೈಗೆ ಬಂದಿದೆ, ಓದಲು ಬರುತ್ತಿಲ್ಲ. 5 ದಿನದ ಕಾರ್ಯಾಗಾರಕ್ಕೆ ಹೋಗಲಾ?

ದುದ್ದದ ಹುಡುಗಿ (ಹಾಸನ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಆಲೂಗಡ್ಡೆ ಅಂಗಮಾರಿ ರೋಗದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಇದು ಎರಡನೇ ವರ್ಷ. ವಿಷಯ ನಾನೇ ಹಟ ಹಿಡಿದು ಆರಿಸಿಕೊಂಡಿದ್ದು. ದುದ್ದದ ಹತ್ತಿರ ನಮ್ಮದು 3 ಎಕರೆ ಇದೆ. ನಾನು ಚಿಕ್ಕವಳಿದ್ದಾಗ ಮೇ ತಿಂಗಳಲ್ಲಿ ಅಪ್ಪ ಹಾಸನದ ಎಪಿಎಂಸಿಗೆ ಹೋಗಿ ಜಲಂಧರ್‌ನಿಂದ ಬಂದ ಬಿತ್ತನೆ ಗಡ್ಡೆ ತರುತ್ತಿದ್ದರು. ಪಡಸಾಲೆ ತುಂಬಾ ಗಡ್ಡೆ ಹರಡಿಕೊಂಡು ಅಮ್ಮ, ಅಜ್ಜಿ ಕಣ್ಣು ನೋಡಿ ನೋಡಿ ಹೆಚ್ಚುತ್ತಿದ್ದರು. ಜುಲೈನಲ್ಲಿ ಮೋಡ ಕವಿದು ಜಡಿಮಳೆ ಹಿಡಿದರೆ ಮುಗಿಯಿತು. ಸಂಜೆ ಹಸಿರಾಗಿದ್ದ ಹೊಲ ಮೂರ್ನಾಲ್ಕು ದಿನದಲ್ಲಿ ಬಿಸಿನೀರು ಎರಚಿದ ಹಾಗೆ ಕಪ್ಪಾಗುತ್ತಿತ್ತು. ಈಗ ಆ ಹೊಲದಲ್ಲಿ ಮುಸುಕಿನ ಜೋಳ. ಆಲೂಗಡ್ಡೆ ಅರ್ಧ ಎಕರೆ ಮಾತ್ರ, ಅದೂ ಅಪ್ಪನಿಗೆ ಬಿಡಲು ಮನಸ್ಸಿಲ್ಲ ಅಂತ.

ಕಳೆದ ಮುಂಗಾರಿನಲ್ಲಿ ಹಾಸನ, ಬೇಲೂರು, ಅರಕಲಗೂಡು ಕಡೆಯಿಂದ ರೋಗದ ಎಲೆ ತಂದು, ರೈ ಅಗರ್ ಮೇಲೆ ರೋಗಾಣು ಬೆಳೆಸಿ, ಡಿಎನ್‌ಎ ತೆಗೆದು, 12 ಸ್ಯಾಂಪಲ್ ಸೀಕ್ವೆನ್ಸಿಂಗ್‌ಗೆ, ಅಂದರೆ ಜೀನೋಮನ್ನು (ಪೂರ್ತಿ ಡಿಎನ್‌ಎ) ಅಕ್ಷರ ಅಕ್ಷರವಾಗಿ ಓದಿಸಲು, ಕಳಿಸಿದೆ. ಹೋದ ವಾರ ಕೊರಿಯರ್‌ನಲ್ಲಿ ಹಾರ್ಡ್ ಡಿಸ್ಕ್ ಬಂತು. ಒಳಗೆ 24 ಫೈಲು. ಒಂದೊಂದೂ ಸುಮಾರು 3 ಜಿಬಿ. ಡಬಲ್ ಕ್ಲಿಕ್ ಮಾಡಿದರೆ ಏನೂ ತೆರೆಯುವುದಿಲ್ಲ. ನಮ್ಮ ವಿಭಾಗದಲ್ಲಿ ಇದನ್ನು ಮಾಡಿದವರು ಯಾರೂ ಇಲ್ಲ. ಎಲೆಯಿಂದ ಡಿಎನ್‌ಎ ತೆಗೆಯುವವರೆಗೆ ನನ್ನ ಕೈ ಚೆನ್ನಾಗಿ ಪಳಗಿದೆ. ಅಲ್ಲಿಂದ ಮುಂದೆ ದಾರಿ ಕಾಣುತ್ತಿಲ್ಲ.

ಬೆಂಗಳೂರಿನಲ್ಲಿ 5 ದಿನದ ತರಬೇತಿ ಕಾರ್ಯಾಗಾರ ಇದೆ. ಫೀಸು 12 ಸಾವಿರ, ಉಳಿಯುವ ಖರ್ಚು ಬೇರೆ. ನನ್ನ ಫೆಲೋಶಿಪ್ ಎರಡು ತಿಂಗಳಿಂದ ಬಂದಿಲ್ಲ. ಹೋದ ವರ್ಷ ಇನ್ನೊಂದು ಕಡೆ 2 ದಿನದ ಕಾರ್ಯಾಗಾರಕ್ಕೆ ಹೋಗಿದ್ದೆ. ಮೊದಲ ದಿನ ಪೂರ್ತಿ ಸಾಫ್ಟ್‌ವೇರ್ ಹಾಕುವುದರಲ್ಲೇ ಕಳೆಯಿತು. ಎರಡನೇ ದಿನ ಸ್ಲೈಡ್ ತೋರಿಸಿದರು, ಸರ್ಟಿಫಿಕೇಟ್ ಕೊಟ್ಟರು. ಮನೆಗೆ ಬಂದು ಕೂತಾಗ ಒಂದು ಕಮಾಂಡ್ ಕೂಡ ನೆನಪಿರಲಿಲ್ಲ. ಅದಕ್ಕೇ ಭಯ.

ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ್‍ಯಾಮ್ ಇದೆ, ವಿಂಡೋಸ್. ಇದರಲ್ಲಿ ಆಗುತ್ತದಾ? ಕಾರ್ಯಾಗಾರಕ್ಕೆ ಹೋಗಲಾ? ಹೋಗುವುದಾದರೆ ಏನು ತಯಾರಿ ಮಾಡಿಕೊಂಡು ಹೋಗಬೇಕು? ನನಗೆ ಬೇಕಿರುವ ಉತ್ತರ ಒಂದೇ. ನಮ್ಮ ಹೊಲಗಳಲ್ಲಿ ಈಗ ಇರುವ ರೋಗಾಣು ದಕ್ಷಿಣ ಭಾರತದಲ್ಲಿ ಮೊದಲೇ ಕಂಡ 13_ಎ2 ತಳಿಯದ್ದೇನಾ, ಇಲ್ಲ ಬೇರೆಯಾ?

ಕಲ್ಪವೃಕ್ಷ (ಅರಸೀಕೆರೆ)

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸೀಕ್ವೆನ್ಸಿಂಗ್ ಮಾಡಿದ ಕಡೆಯೇ ಅನಾಲಿಸಿಸ್‌ಗೂ ಕೊಟ್ಟುಬಿಡಿ. ಸ್ಯಾಂಪಲ್‌ಗೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ, ಟೇಬಲ್, ಗ್ರಾಫ್ ಎಲ್ಲ ಸಿದ್ಧ ಮಾಡಿ ಕೊಡುತ್ತಾರೆ. ನಾನು ಹಾಗೇ ಮಾಡಿ ಥೀಸಿಸ್ ಮುಗಿಸಿದೆ. ಪಿಎಚ್‌ಡಿ ಎರಡನೇ ವರ್ಷದಲ್ಲಿ ಲಿನಕ್ಸ್ ಕಲಿಯಲು ಕೂತರೆ ಮುಗಿಯುವುದು ಯಾವಾಗ?

ಬಾಳೆಹೊನ್ನೂರು ದಾರಿ (ಚಿಕ್ಕಮಗಳೂರು)

ತಂಗಿ, ನಿಮ್ಮ ಪ್ರಶ್ನೆ ಓದಿ ಎರಡು ದಿನ ಆಯಿತು. ಸಮಾಧಾನವಾಗಿ ಕೂತು ಬರೆಯೋಣ ಅಂತ ಇವತ್ತು ಭಾನುವಾರ ಬರೆಯುತ್ತಿದ್ದೇನೆ. ನನ್ನ ಕೆಲಸ ಕಾಫಿ ಗಿಡದ ಮೇಲೆ. ಕೆಲವು ವರ್ಷಗಳಿಂದ ಬೇರೆ ಬೇರೆ ಊರಿನ ಕಾರ್ಯಾಗಾರಗಳಲ್ಲಿ ಕಲಿಸಿದ್ದೇನೆ ಕೂಡ.

ಮೊದಲು ಅರಸೀಕೆರೆಯವರ ಮಾತಿಗೆ. ಅವರು ಹೇಳಿದ್ದು ತಪ್ಪಲ್ಲ, ಹೊರಗೆ ಕೊಟ್ಟು ಮಾಡಿಸುವುದು ಅವಮಾನವೂ ಅಲ್ಲ. ಆದರೆ ನನಗೆ ಆಗಿದ್ದನ್ನು ಹೇಳುತ್ತೇನೆ.

ನಮ್ಮ ಅರೇಬಿಕಾ ಕಾಫಿ ಎರಡು ಜಾತಿ ಸೇರಿ ಹುಟ್ಟಿದ ಗಿಡ. ಒಂದು ಕಡೆ ರೋಬಸ್ಟಾ, ಇನ್ನೊಂದು ಕಡೆ ಯೂಜೀನಿಯಾಯ್ಡಿಸ್ ಅನ್ನುವ ಆಫ್ರಿಕಾದ ಗಿಡ. ಹಾಗಾಗಿ ರೋಬಸ್ಟಾದಲ್ಲಿ 22 ಕ್ರೋಮೋಸೋಮ್, ಅರೇಬಿಕಾದಲ್ಲಿ 44. ರೋಬಸ್ಟಾದ ಜೀನೋಮ್ 2014ರಲ್ಲೇ ಪ್ರಕಟವಾಗಿತ್ತು. ನಾನು ಕಲಿಯುವ ಕಾಲಕ್ಕೆ ಕೈಗೆ ಸಿಗುತ್ತಿದ್ದ ರೆಫರೆನ್ಸ್, ಅಂದರೆ ನಮ್ಮ ಡೇಟಾವನ್ನು ಹೋಲಿಸಿ ನೋಡುವ ಮಾದರಿ ಜೀನೋಮ್, ಅದೊಂದೇ. ನಮ್ಮ ತೋಟಗಳಲ್ಲಿ ಇರುವ ಎಸ್.795 ಅನ್ನುವ ಅರೇಬಿಕಾ ತಳಿಯ ಡೇಟಾವನ್ನು ಅದರ ಮೇಲೆ ಕೂರಿಸಲು ಹೊರಗೆ ಕೊಟ್ಟೆ. ವರದಿ ಬಂತು. ಲಕ್ಷಗಟ್ಟಲೆ ಜಾಗದಲ್ಲಿ ವ್ಯತ್ಯಾಸ! ಈ ಗಿಡದಲ್ಲಿ ಇಷ್ಟೊಂದು ವೈವಿಧ್ಯ ಇದೆಯಾ ಅಂತ ನಾಲ್ಕು ತಿಂಗಳು ಅದರ ಮೇಲೇ ಬರೆದೆ.

ನಂತರ ಒಂದು ದಿನ ಹಿರಿಯರೊಬ್ಬರು ಪಕ್ಕ ಕೂತು, ಐಜಿವಿಯಲ್ಲಿ (ಡೇಟಾ ರೆಫರೆನ್ಸ್ ಮೇಲೆ ಹೇಗೆ ಕೂತಿದೆ ಅಂತ ತೋರಿಸುವ ಸಾಫ್ಟ್‌ವೇರ್) ಒಂದೇ ಒಂದು ಜಾಗ ತೆರೆದು ತೋರಿಸಿದರು. 30 ರೀಡ್, ಅಂದರೆ ಯಂತ್ರ ಓದಿದ ಡಿಎನ್‌ಎ ತುಣುಕುಗಳು, ಅಲ್ಲಿ ಒಂದರ ಮೇಲೊಂದು ಕೂತಿದ್ದವು. ಅರ್ಧದಲ್ಲಿ ಎ, ಅರ್ಧದಲ್ಲಿ ಜಿ. ಪಕ್ಕದ ಜಾಗದಲ್ಲೂ ಅರ್ಧ ಅರ್ಧ. ಅದರ ಪಕ್ಕದಲ್ಲೂ ಹಾಗೇ. ಎಲ್ಲ ಗಿಡದಲ್ಲೂ ಅದೇ ಜಾಗ, ಅದೇ ಅರ್ಧ. ಅವು ಗಿಡದಿಂದ ಗಿಡಕ್ಕೆ ಇರುವ ವ್ಯತ್ಯಾಸಗಳೇ ಅಲ್ಲ. ಆ ಗಿಡದ ಅಪ್ಪನ ಕಡೆಯ ಡಿಎನ್‌ಎ, ಅಮ್ಮನ ಕಡೆಯ ಡಿಎನ್‌ಎ ಎರಡೂ ಒಂದೇ ರೆಫರೆನ್ಸ್ ಮೇಲೆ ಬಂದು ಕೂತಿದ್ದವು, ಅಷ್ಟೆ. ಟೂಲ್ ತನಗೆ ಹೇಳಿದ್ದನ್ನು ಸರಿಯಾಗಿಯೇ ಮಾಡಿತ್ತು. ವರದಿ ಕೊಟ್ಟವರಿಗೆ ಕಾಫಿ ಗೊತ್ತಿರಲಿಲ್ಲ. ನನಗೆ ಕಾಫಿ ಗೊತ್ತಿತ್ತು, ಟೂಲ್ ಗೊತ್ತಿರಲಿಲ್ಲ. ಅರೇಬಿಕಾದ್ದೇ ಒಳ್ಳೆಯ ಜೀನೋಮ್ 2024ರಲ್ಲಿ ನೇಚರ್ ಜೆನೆಟಿಕ್ಸ್‌ನಲ್ಲಿ ಬಂದಿದೆ, ಈಗಿನ ಹುಡುಗರಿಗೆ ಆ ಕಷ್ಟ ಇಲ್ಲ.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ನಿಮ್ಮ ರೋಗಾಣುವಿನಲ್ಲೂ ಇಂಥದ್ದೇ ಒಂದು ಗುಂಡಿ ಇದೆ. ಅಂಗಮಾರಿ ತರುವ ಈ ಫೈಟಾಫ್ತೊರಾ ಇನ್‌ಫೆಸ್ಟೆನ್ಸ್‌ನ ಎಷ್ಟೋ ತಳಿಗಳಲ್ಲಿ ಕ್ರೋಮೋಸೋಮ್ ಎರಡೆರಡು ಇರುವುದಿಲ್ಲ, ಮೂರು ಮೂರು ಇರುತ್ತವೆ. ನೀವು ಹುಡುಕುತ್ತಿರುವ 13_ಎ2 ಕೂಡ ಹೆಚ್ಚಾಗಿ ಹಾಗೇ. ವ್ಯತ್ಯಾಸ ಹುಡುಕುವ ಟೂಲ್‌ಗಳು ಯಾರೂ ಏನೂ ಹೇಳದಿದ್ದರೆ ಎರಡು ಅಂತಲೇ ಹಿಡಿಯುತ್ತವೆ. ನೀವು ಐಜಿವಿಯಲ್ಲಿ ಜಾಗ ಜಾಗ ತೆರೆದು ನೋಡಿ. 30 ರೀಡ್‌ನಲ್ಲಿ 15-15 ಕಾಣುವ ಬದಲು ಬಹಳ ಕಡೆ 10-20 ಕಂಡರೆ, ಮೂರು ಪ್ರತಿ ಇರುವ ಲಕ್ಷಣ. ಟೂಲ್‌ನಲ್ಲಿ ಆ ಎರಡನ್ನು ಮೂರು ಮಾಡಿ ಮತ್ತೆ ಓಡಿಸಬೇಕಾಗುತ್ತದೆ. ಇದನ್ನು ನೋಡುವ ಕಣ್ಣು ನಿಮಗೇ ಇರಬೇಕು. ಹೊರಗಿನವರು ನಿಮ್ಮ ಪರವಾಗಿ ನೋಡುತ್ತಾರೆ ಅಂತ ನಂಬಿ ಕೂರಲು ಆಗುವುದಿಲ್ಲ.

ಈಗ ಕಾರ್ಯಾಗಾರ. ಹೋಗಿ, ಆದರೆ ಖಾಲಿ ಕೈಯಲ್ಲಿ ಹೋಗಬೇಡಿ. ಕಲಿಸುವವರು ಸಾಮಾನ್ಯವಾಗಿ ಇ-ಕೋಲೈ ಬ್ಯಾಕ್ಟೀರಿಯಾ ಡೇಟಾ ಕೊಡುತ್ತಾರೆ. ಡೇಟಾ ಕೆಲಸ ಕಲಿಸುವ ಡೇಟಾ ಕಾರ್ಪೆಂಟ್ರಿ ಅನ್ನುವವರ ಪಾಠವೂ ಅದರ ಮೇಲೇ ಇದೆ. ಅಮೆರಿಕದ ವಿಜ್ಞಾನಿ ಲೆನ್ಸ್ಕಿ 1988ರಲ್ಲಿ ಶುರು ಮಾಡಿದ ಪ್ರಯೋಗದ ಬ್ಯಾಕ್ಟೀರಿಯಾ. ತುಂಬಾ ಒಳ್ಳೆಯ ಪಾಠ, ಆನ್‌ಲೈನ್‌ನಲ್ಲಿ ಉಚಿತ. ಅದರ ಜೀನೋಮ್ 46 ಲಕ್ಷ ಅಕ್ಷರ, ಒಂದೇ ಪ್ರತಿ. ಹತ್ತು ನಿಮಿಷದಲ್ಲಿ ಉತ್ತರ ಬರುತ್ತದೆ, ಎಲ್ಲರ ಮುಖದಲ್ಲೂ ಖುಷಿ. ನಿಮ್ಮದು 24 ಕೋಟಿ ಅಕ್ಷರ, ಅದರಲ್ಲಿ ಮುಕ್ಕಾಲು ಪಾಲು ಮತ್ತೆ ಮತ್ತೆ ಬರುವ ತುಣುಕುಗಳು. ಒಂದೇ ರೀಡ್ ಹತ್ತು ಜಾಗಕ್ಕೆ ಸರಿಹೊಂದುತ್ತದೆ. ಮನೆಗೆ ಬಂದ ಮೇಲೆ ಎಲ್ಲ ಯಾಕೆ ಬೇರೆ ಥರ ಆಗುತ್ತಿದೆ ಅಂತ ಗಾಬರಿ ಆಗುವುದು ಇಲ್ಲೇ. ನಾನು ಕಲಿಸಿದವರಲ್ಲಿ ನಿಜವಾಗಿ ಕೆಲಸ ಮುಂದುವರಿಸಿದವರು ಯಾರು ಅಂತ ಯೋಚಿಸಿದರೆ, ಬಹುಪಾಲು ಎಲ್ಲರೂ ಸ್ವಂತ ಡೇಟಾ ಬಗಲಲ್ಲಿ ಇಟ್ಟುಕೊಂಡು, ಎರಡನೇ ದಿನವೇ "ಸರ್ ನನ್ನದರಲ್ಲಿ ಹೀಗೆ ಬರ್ತಿದೆ" ಅಂತ ಎದ್ದು ಬಂದವರು.

ಹಾಗಾಗಿ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಒಳಗೇ ಲಿನಕ್ಸ್ ಹಾಕಿಕೊಳ್ಳಬಹುದು, ಡಬ್ಲ್ಯೂಎಸ್‌ಎಲ್ ಅಂತ. 8 ಜಿಬಿ ರ್‍ಯಾಮ್ ನಿಮ್ಮ ರೋಗಾಣುವಿಗೆ ಸಾಕು, ನಿಧಾನ ಆಗುತ್ತದೆ ಅಷ್ಟೆ. ಮೊದಲು ಡಿಸ್ಕ್‌ನ ಫೈಲುಗಳ ಜೊತೆ ಬಂದಿರುವ ಎಂಡಿ5 ಪಟ್ಟಿ (ಪ್ರತಿ ಫೈಲಿನ ಬೆರಳಚ್ಚಿನಂಥ ಸಂಕೇತ) ಹಿಡಿದು, ಎಲ್ಲ ಫೈಲು ಸರಿಯಾಗಿ ಕಾಪಿ ಆಗಿದೆಯಾ ನೋಡಿ. ಮೂಲ ಡಿಸ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಕೆಲಸ ಮಾಡುವುದೆಲ್ಲ ಕಾಪಿಯ ಮೇಲೆ.

ಆಮೇಲೆ ಒಂದು ಫೈಲನ್ನು ಝಡ್‌ಕ್ಯಾಟ್ ಕಮಾಂಡ್‌ನಿಂದ ಬಿಚ್ಚಿ, ಪೈಪ್ ಮೂಲಕ ಹೆಡ್ ಕಮಾಂಡ್‌ಗೆ ಕೊಟ್ಟು, ಮೊದಲ 4 ಸಾಲು ಮಾತ್ರ ನೋಡಿ. ಪೈಪ್ ಅಂದರೆ ಕಮಾಂಡ್‌ಗಳ ನಡುವೆ ಹಾಕುವ ನಿಂತ ಗೆರೆ. ನಮ್ಮ ಕಡೆ ಮಾರ್ಚ್‌ನಲ್ಲಿ ಹೂಮಳೆ ಬರದಿದ್ದರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುತ್ತಾರಲ್ಲ, ಕೆರೆಯಲ್ಲಿ ಮೋಟಾರು, ಅಲ್ಲಿಂದ ಪೈಪು, ತುದಿಗೆ ಜೆಟ್ಟು. ನೀರು ನಡುವೆ ಎಲ್ಲೂ ತೊಟ್ಟಿಯಲ್ಲಿ ನಿಲ್ಲುವುದಿಲ್ಲ. ಇದೂ ಹಾಗೇ. ಒಂದು ಕಮಾಂಡ್‌ನಿಂದ ಬಂದಿದ್ದು ನಡುವೆ ಫೈಲ್ ಆಗಿ ನಿಲ್ಲದೆ ನೇರವಾಗಿ ಮುಂದಿನದಕ್ಕೆ ಹೋಗುತ್ತದೆ. ತೋಟದ ಮನೆಯ ಹುಡುಗರಿಗೆ ಹೀಗೆ ಹೇಳಿದರೆ ಒಂದೇ ಸಲಕ್ಕೆ ಗೊತ್ತಾಗುತ್ತದೆ.

ಆ 4 ಸಾಲಿನಲ್ಲಿ ಮೊದಲನೆಯದು ರೀಡ್‌ನ ಹೆಸರು. ಎರಡನೆಯದು 150 ಅಕ್ಷರ, ಎ, ಸಿ, ಜಿ, ಟಿ. ಮೂರನೆಯದು ಬರೀ ಪ್ಲಸ್ ಗುರುತು. ನಾಲ್ಕನೆಯದು ಅರ್ಥವಾಗದ ಗೀಚಿನ ಥರ ಕಾಣುತ್ತದೆ. ಅದೇ ಮುಖ್ಯ. ಪ್ರತಿ ಅಕ್ಷರವನ್ನೂ ಯಂತ್ರ ಎಷ್ಟು ನಂಬಿಕೆಯಿಂದ ಓದಿದೆ ಅನ್ನುವ ಅಂಕ ಅಲ್ಲಿದೆ. ಇಂಗ್ಲಿಷಿನ ಎಫ್ ಇದ್ದರೆ 37 ಅಂಕ, ತಪ್ಪಾಗುವ ಸಾಧ್ಯತೆ ಸುಮಾರು 5,000ಕ್ಕೆ 1. ಕಾಮಾ ಇದ್ದರೆ 11 ಅಂಕ, ಸುಮಾರು 12ಕ್ಕೆ 1. ನಾಲ್ಕು ಸಾಲು ಕಾಗದದ ಮೇಲೆ ಬರೆದುಕೊಂಡು ಬೆರಳಿಟ್ಟು ಓದಿ. ಆಮೇಲೆ ಡೇಟಾದ ಗುಣಮಟ್ಟ ತೋರಿಸುವ ಫಾಸ್ಟ್‌ಕ್ಯೂಸಿ ಓಡಿಸಿ, 24 ಫೈಲಿಗೂ. ಗ್ರಾಫ್‌ಗಳಲ್ಲಿ ನಿಮಗೆ ಅರ್ಥವಾಗದ್ದು ಏನಿದೆಯೋ ಅದನ್ನು ಇಲ್ಲಿ ಬರೆಯಿರಿ. ಕೆಲವು ಯಂತ್ರಗಳಲ್ಲಿ ಬೆಳಕು ಕಾಣದಿದ್ದರೆ ಅದನ್ನು ಜಿ ಅಂತಲೇ ಬರೆದುಕೊಳ್ಳುತ್ತದೆ. ರೀಡ್‌ಗಳ ಬಾಲದಲ್ಲಿ ಬರೀ ಜಿ ಜಿ ಜಿ ಕಂಡರೆ ಹೆದರಬೇಡಿ, ಫಾಸ್ಟ್‌ಪಿ ಅನ್ನುವ ಟೂಲ್ ಅದನ್ನು ಕತ್ತರಿಸುತ್ತದೆ.

ಇದೆಲ್ಲ ಬೇಡ ಅನ್ನಿಸಿದರೆ ಗ್ಯಾಲಕ್ಸಿ ಅಂತ ಇದೆ. ಬ್ರೌಸರ್‌ನಲ್ಲೇ ಮೌಸ್ ಹಿಡಿದು ಮಾಡಬಹುದು, ಉಚಿತ. ಆದರೆ 72 ಜಿಬಿ ಅಪ್‌ಲೋಡ್ ಮಾಡಲು ನಮ್ಮ ಊರುಗಳ ನೆಟ್‌ವರ್ಕ್‌ನಲ್ಲಿ ಕಷ್ಟ. ಕಲಿಯಲು ಒಂದು ಸ್ಯಾಂಪಲ್ ಹಾಕಿ ನೋಡಿ.

ಲ್ಯಾಬ್ ಅಕ್ಕ (ಹಾಸನ)

ನಾನು ಆಸ್ಪತ್ರೆ ಲ್ಯಾಬ್‌ನವಳು, ಬ್ಯಾಕ್ಟೀರಿಯಾ ನನ್ನ ಕೆಲಸ. ಸರ್ ಹೇಳಿದ್ದೆಲ್ಲ ಸರಿ. ಕಾರ್ಯಾಗಾರದ ಬಗ್ಗೆ ಮಾತ್ರ ಸ್ವಲ್ಪ ಸೇರಿಸುತ್ತೇನೆ.

ಕೋವಿಡ್ ಸಮಯದಲ್ಲಿ ನಮ್ಮಂಥವರು ತುಂಬಾ ಜನ ಅವಸರದಲ್ಲಿ ಇದನ್ನು ಕಲಿತೆವು. 2020ರ ಡಿಸೆಂಬರ್‌ನಲ್ಲಿ ಇನ್ಸಾಕಾಗ್ (ಕೊರೊನಾ ವೈರಸ್‌ನ ಜೀನೋಮ್ ಓದುವ ಲ್ಯಾಬ್‌ಗಳ ಒಕ್ಕೂಟ) ಶುರುವಾದಾಗ ದೇಶಕ್ಕೆಲ್ಲ 10 ಲ್ಯಾಬ್. ಆ ವೈರಸ್‌ನ ಜೀನೋಮ್ ಸುಮಾರು 30 ಸಾವಿರ ಅಕ್ಷರ, ಹಾಗಾಗಿ ಹೊಸಬರೂ ಧೈರ್ಯ ಮಾಡಬಹುದಿತ್ತು. ನಾನು ಕಲಿತದ್ದು ಆನ್‌ಲೈನ್ ತರಬೇತಿಯಲ್ಲಿ, ಮಗುವನ್ನು ಮಲಗಿಸಿ ರಾತ್ರಿ 10ರ ಮೇಲೆ. ಮೊದಲ ಮೂರು ವಾರ ಎರರ್ ಬಂದರೆ ಅಳು ಬರುತ್ತಿತ್ತು. ಎರರ್‌ನ ಕೊನೇ ಸಾಲನ್ನು ಪೂರ್ತಿ ಓದಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಹೆಚ್ಚಿನ ಸಲ ಉತ್ತರ ಅಲ್ಲೇ ಇರುತ್ತದೆ. ಫೈಲ್ ಸಿಗಲಿಲ್ಲ, ಜಾಗ ಸಾಲದು, ಹೆಸರಿನ ನಡುವೆ ಸ್ಪೇಸ್ ಇದೆ, ಇಂಥದ್ದೇ. ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಬಿಡಬೇಡಿ ತಾಯಿ, ಇದೊಂದು ಮಾತು ಗೋಡೆ ಮೇಲೆ ಬರೆದು ಹಾಕಿಕೊಳ್ಳಿ.

ದುಡ್ಡು ಕಟ್ಟುವ ಮುಂಚೆ ನಡೆಸುವವರಿಗೆ ಒಂದು ಮೇಲ್ ಹಾಕಿ ಕೇಳಿ. ಎಷ್ಟು ಜನಕ್ಕೆ ಒಬ್ಬರು ಸಹಾಯಕರು ಇರುತ್ತಾರೆ? 40 ಜನಕ್ಕೆ ಒಬ್ಬರು ಅಂದರೆ ಬೇಡ. ಸಾಫ್ಟ್‌ವೇರ್ ಮುಂಚೆಯೇ ಹಾಕಿದ ಸರ್ವರ್ ಕೊಡುತ್ತಾರಾ? ನಿಮ್ಮ ಮೊದಲನೇ ಕಾರ್ಯಾಗಾರ ಹಾಳಾಗಿದ್ದು ಇದರಿಂದಲೇ ಅಲ್ವಾ. ಸ್ವಂತ ಡೇಟಾಗೆ ಸಮಯ ಇದೆಯಾ? ಮುಗಿದ ಮೇಲೆ ಒಂದು ತಿಂಗಳಾದರೂ ಪ್ರಶ್ನೆ ಕೇಳಲು ಒಂದು ಗುಂಪು ಇರುತ್ತದಾ? ಫೀಸಿನಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯಾ ಅಂತಲೂ ಕೇಳಿ. ಕೇಳಿದವರಿಗೆ ಸಿಗುತ್ತದೆ. ಕೇಳುವುದಕ್ಕೆ ನಾವು ಹೆಣ್ಣುಮಕ್ಕಳು ಸುಮ್ನೆ ಸಂಕೋಚ ಪಡುತ್ತೇವೆ.

ಕಲಿತ ಮೇಲೆ ವಾರದೊಳಗೆ ಒಂದು ಸಲ ಮೊದಲಿಂದ ಕೊನೆಯವರೆಗೆ ಒಬ್ಬರೇ ಮಾಡಬೇಕು. ಇಲ್ಲದಿದ್ದರೆ ಹೋಯಿತು. ಎಲ್ಲ ಕಮಾಂಡನ್ನೂ ಒಂದು ಫೈಲಿನಲ್ಲಿ ಕನ್ನಡದಲ್ಲಿ ಟಿಪ್ಪಣಿ ಹಾಕಿ ಬರೆದಿಡಿ. ನಾನು ಬೆಂಚ್ ಮೇಲೆ ಲ್ಯಾಬ್ ನೋಟ್‌ಬುಕ್ ಬರೆಯುವ ಹಾಗೆ ಇದಕ್ಕೂ ಬರೆಯುತ್ತೇನೆ, ಯಾವ ಟೂಲ್, ಯಾವ ವರ್ಷನ್, ಯಾವ ತಾರೀಕು.

ದುದ್ದದ ಹುಡುಗಿ (ಹಾಸನ)

ಎಂಟು ದಿನ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಸರ್, ಅಕ್ಕ, ನೀವು ಹೇಳಿದ್ದನ್ನೆಲ್ಲ ಮಾಡಿದೆ.

ಎಂಡಿ5 ನೋಡಿದಾಗ 23 ಫೈಲು ಸರಿ ಇತ್ತು, ಒಂದು ತಾಳೆ ಆಗಲಿಲ್ಲ. ಮತ್ತೆ ಕಾಪಿ ಮಾಡಿದೆ, ಸರಿಯಾಯಿತು. ಆ 4 ಸಾಲನ್ನು ಕಾಗದದಲ್ಲಿ ಬರೆದು ಒಂದು ಗಂಟೆ ಕೂತು ಓದಿದೆ. ಮೊದಲು ಬಾಗಿಲೇ ಕಾಣದ ಗೋಡೆಯ ಥರ ಇದ್ದ ಫೈಲು ಅದು. ಈಗ ಒಂದು ಎಫ್ ಕಂಡರೆ 37 ಅಂತ ತಾನಾಗಿ ಬಾಯಿಗೆ ಬರುತ್ತದೆ.

ಫಾಸ್ಟ್‌ಕ್ಯೂಸಿಯಲ್ಲಿ ಒಂದು ವಿಷಯ ಅರ್ಥವಾಗಲಿಲ್ಲ. ಜಿಸಿ (ಜಿ, ಸಿ ಅಕ್ಷರಗಳ ಪಾಲು) ಎಷ್ಟು ಪರ್ಸೆಂಟ್ ಅಂತ ತೋರಿಸುವ ಗ್ರಾಫ್ ಇದೆಯಲ್ಲ, 9 ಸ್ಯಾಂಪಲ್‌ನಲ್ಲಿ ಒಂದೇ ಗುಡ್ಡ, 51ರ ಹತ್ತಿರ. ಆದರೆ 4, 7, 11ನೇ ಸ್ಯಾಂಪಲ್‌ನಲ್ಲಿ ಎರಡು ಗುಡ್ಡ. ಒಂದು 51ರಲ್ಲಿ, ಇನ್ನೊಂದು ಅದಕ್ಕಿಂತ ದೊಡ್ಡದು, 35ರ ಹತ್ತಿರ. ಸೀಕ್ವೆನ್ಸಿಂಗ್ ಕೆಟ್ಟಿದೆಯಾ?

ಬಾಳೆಹೊನ್ನೂರು ದಾರಿ (ಚಿಕ್ಕಮಗಳೂರು)

ಕೆಟ್ಟಿಲ್ಲ. ಚೆನ್ನಾಗಿ ನೋಡಿದ್ದೀರಿ! 51 ನಿಮ್ಮ ರೋಗಾಣುವಿನದು. ಆಲೂಗಡ್ಡೆ ಗಿಡದ ಜಿಸಿ ಎಷ್ಟು ಅಂತ ಹುಡುಕಿ ನೋಡಿ. ಆಮೇಲೆ ನಿಮ್ಮ ಲ್ಯಾಬ್ ನೋಟ್‌ಬುಕ್‌ನಲ್ಲಿ ಆ ಮೂರು ಸ್ಯಾಂಪಲ್‌ನ ಪುಟ ತೆಗೆಯಿರಿ. ಉತ್ತರ ನಾನು ಹೇಳುವುದಿಲ್ಲ, ನಿಮಗೇ ಸಿಗಲಿ.

ದುದ್ದದ ಹುಡುಗಿ (ಹಾಸನ)

ಸಿಕ್ಕಿತು ಸರ್. ಆಲೂಗಡ್ಡೆಯದು ಸುಮಾರು 35. ನೋಟ್‌ಬುಕ್ ತೆಗೆದೆ. ಆ ಮೂರೂ ಅರಕಲಗೂಡು ಕಡೆಯವು. ಆ ವಾರ ಪ್ಲೇಟ್‌ಗಳಲ್ಲಿ ಬ್ಯಾಕ್ಟೀರಿಯಾ ಬೆಳೆದು ರೋಗಾಣು ಏಳಲೇ ಇಲ್ಲ. ಸ್ಯಾಂಪಲ್ ಹೋಗಿಬಿಡುತ್ತದೆ ಅಂತ, ಎಲೆಯ ಕಪ್ಪು ಮಚ್ಚೆಯನ್ನೇ ಕತ್ತರಿಸಿ ಅದರಿಂದ ನೇರವಾಗಿ ಡಿಎನ್‌ಎ ತೆಗೆದಿದ್ದೆ. ನನ್ನದೇ ಅಕ್ಷರದಲ್ಲಿ ಬರೆದಿದೆ, ಆಗಸ್ಟ್ 9 ಅಂತ. ಆಲೂಗಡ್ಡೆ ಎಲೆಯ ಡಿಎನ್‌ಎಯೂ ಜೊತೆಗೆ ಬಂದಿದೆ. ಹೊರಗೆ ಕೊಟ್ಟಿದ್ದರೆ ಆ ಪುಟವನ್ನು ನಾನು ಮತ್ತೆ ತೆಗೆಯುತ್ತಲೇ ಇರಲಿಲ್ಲ.

ಆ ಮೂರನ್ನು ಬಿಡಬೇಕಾ?

ಬಾಳೆಹೊನ್ನೂರು ದಾರಿ (ಚಿಕ್ಕಮಗಳೂರು)

ಬಿಡಬೇಡಿ. ಆಲೂಗಡ್ಡೆ ಜೀನೋಮ್ 2011ರಲ್ಲೇ ಬಂದಿದೆ, ಸುಮಾರು 84 ಕೋಟಿ ಅಕ್ಷರ. ಅದನ್ನೂ ನಿಮ್ಮ ರೋಗಾಣುವಿನ ರೆಫರೆನ್ಸನ್ನೂ ಒಂದೇ ಫೈಲಿಗೆ ಸೇರಿಸಿ, ರೀಡ್‌ಗಳನ್ನು ಎರಡರ ಮೇಲೂ ಒಟ್ಟಿಗೆ ಕೂರಿಸಿ. ಯಾವ ರೀಡ್ ಯಾರದು ಅಂತ ತಾನಾಗಿ ಬೇರೆಯಾಗುತ್ತದೆ. ರೋಗಾಣುವಿನ ಮೇಲೆ ಕೂತವನ್ನು ಮಾತ್ರ ಇಟ್ಟುಕೊಳ್ಳಿ. ಎಷ್ಟು ಉಳಿಯುತ್ತದೆ ನೋಡಿ. ಒಂದು ಜಾಗಕ್ಕೆ ಸರಾಸರಿ 10 ರೀಡ್‌ಗಿಂತ ಕಡಿಮೆಯಾದರೆ ಆ ಸ್ಯಾಂಪಲ್‌ನಲ್ಲಿ ಎರಡು ಪ್ರತಿಯೋ ಮೂರು ಪ್ರತಿಯೋ ಅಂತ ಹೇಳಲು ಹೋಗಬೇಡಿ. ತಳಿ ಯಾವುದು ಅನ್ನುವುದಕ್ಕೆ ಅಷ್ಟು ಸಾಕಾಗಬಹುದು. ರಾತ್ರಿ ಓಡಲು ಬಿಟ್ಟು ಮಲಗಿ. ಚಾರ್ಜರ್ ಹಾಕಿರಲಿ, ವಿಂಡೋಸ್ ನಿದ್ದೆಗೆ ಹೋಗದ ಹಾಗೆ ಸೆಟ್ಟಿಂಗ್ ಬದಲಿಸಿ.

ಇನ್ನೊಂದು ಮಾತು. ಹಾಸನ, ಸಕಲೇಶಪುರ ಕಡೆ ನಿಮ್ಮ ಹಾಗೆ ಡೇಟಾ ಇಟ್ಟುಕೊಂಡು ಕೂತವರು ಇನ್ನೂ ಮೂರ್ನಾಲ್ಕು ಜನ ಇದ್ದಾರೆ, ನನಗೆ ಮೇಲ್ ಬಂದಿವೆ. ಮುಂದಿನ ಭಾನುವಾರ ನಾನೇ ಹಾಸನಕ್ಕೆ ಬರುತ್ತೇನೆ. ಯಾವುದಾದರೂ ಕಾಲೇಜಿನ ಒಂದು ಕೋಣೆ ಸಿಕ್ಕರೆ ಸಾಕು. ಫೀಸು ಏನೂ ಬೇಡ. ಸ್ಲೈಡ್ ಇರುವುದಿಲ್ಲ, ಎಲ್ಲರೂ ತಮ್ಮ ತಮ್ಮ ಡಿಸ್ಕ್ ತರಬೇಕು.

ಕಲ್ಪವೃಕ್ಷ (ಅರಸೀಕೆರೆ)

ನಾನೂ ಬರಬಹುದಾ ಸರ್? ನನ್ನ ವರದಿಯನ್ನು ಮತ್ತೆ ನೋಡಬೇಕು ಅನ್ನಿಸುತ್ತಿದೆ. ಮೂಲ ಫೈಲುಗಳು ಇನ್ನೂ ನನ್ನ ಹತ್ತಿರ ಇವೆ.

ದುದ್ದದ ಹುಡುಗಿ (ಹಾಸನ)

ಕೋಣೆ ಸಿಕ್ಕಿದೆ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ. ಲ್ಯಾಬ್ ಅಕ್ಕ ಅವರೂ ಬರುತ್ತೇನೆ ಅಂದಿದ್ದಾರೆ. ಅರಸೀಕೆರೆಯವರೂ ಖಂಡಿತ ಬನ್ನಿ.

ಬೆಂಗಳೂರಿನ ಕಾರ್ಯಾಗಾರದವರಿಗೆ ಮೇಲ್ ಹಾಕಿದೆ. 8 ಜನಕ್ಕೆ ಒಬ್ಬರು ಸಹಾಯಕರು, ಕೊನೆಯ ಒಂದೂವರೆ ದಿನ ಸ್ವಂತ ಡೇಟಾಗೆ. ವಿದ್ಯಾರ್ಥಿಗಳಿಗೆ ಅರ್ಧ ಫೀಸು, ಕೇಳಿದ್ದಕ್ಕೆ ಸಿಕ್ಕಿತು ಅಕ್ಕ. ಅದಕ್ಕೂ ಹೋಗುತ್ತಿದ್ದೇನೆ.

ನಿನ್ನೆ ಅಪ್ಪನಿಗೆ ಐಜಿವಿಯಲ್ಲಿ ನಮ್ಮ ಹೊಲದ ಸ್ಯಾಂಪಲ್ ತೆರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಮೆಟಲಾಕ್ಸಿಲ್ ಹೊಡೆದರೂ ಯಾಕೆ ನಿಲ್ಲಲ್ಲ ಅಂತ ಇದರಲ್ಲಿ ಗೊತ್ತಾಗುತ್ತಾ?" ಅಂತ ಕೇಳಿದರು. 13_ಎ2 ಆದರೆ ಆ ಔಷಧಿಗೆ ಬಗ್ಗುವುದಿಲ್ಲ ಅಂತ ಮೊದಲೇ ಓದಿದ್ದೆ. ಇದು ಅದೇನಾ ಅಂತ ಇನ್ನೂ ನೋಡಬೇಕು ಅಪ್ಪ, ಮುಂದಿನ ಬಿತ್ತನೆಗೆ ಮುಂಚೆ ಹೇಳುತ್ತೇನೆ ಅಂದೆ.

ಸರ್, ಚಿಕ್ಕಮಗಳೂರಿನಿಂದ ಬರುವಾಗ ಬೇಲೂರು ದಾಟಿದ ಮೇಲೆ ಒಂದು ಮೆಸೇಜ್ ಹಾಕಿ. ಬಸ್ ಸ್ಟ್ಯಾಂಡ್‌ಗೆ ಬರುತ್ತೇನೆ. ಪ್ಲಗ್ ಪಾಯಿಂಟ್ ಕಡಿಮೆ ಇದೆ, ಎಕ್ಸ್‌ಟೆನ್ಷನ್ ಬೋರ್ಡ್ ಇದ್ದವರು ತನ್ನಿ. ಮಧ್ಯಾಹ್ನದ ಊಟ ನಮ್ಮ ಮನೆಯಿಂದ ಬರುತ್ತದೆ.